ಅಂಗೈಯಷ್ಟು ಹೊಟ್ಟೆಗೆ ಒಪ್ಪೊತ್ತು

ಹಿರಿಯೂರು
13-8-1973, ಸೋಮವಾರ

ಪ್ರೀತಿಯ ತಮ್ಮ ಜುಂಜಯ್ಯಾ,

ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನ ಅತ್ತಿಗೆ ಓಬವ್ವ ಕ್ಷೇಮ, ಕುರಿಗಳು ಕ್ಷೇಮ. ನಾನು ಮಾತ್ರ ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಮೊದಲು ನಿನ್ನ ಮೈ ಹೇಗಿದೆ ಹೇಳು. ಮೊನ್ನೆ ಶನಿವಾರ ಗುಡಿಯ ಮುಂದೆ ಬಿದ್ದಾಗ ಮೊಣಕೈ ತರಚಿತ್ತಲ್ಲ, ಒಣಗಿತೇ? ಆಪರೇಷನ್ ಹೊಲಿಗೆ ಎಳೆಯುತ್ತದೆಯೇ? ಬೆಳಿಗ್ಗೆ ಎದ್ದು ಏನು ತಿಂದೆ, ಆಮೇಲೆ ಏನು ತಿಂದೆ, ಎಲ್ಲವನ್ನೂ ಕೆಂಚಕ್ಕನ ಕೈಲಿ ಬರೆಸಿ ಕಳಿಸು. ನೀನು ಬರೆದರೆ ಸುಳ್ಳು ಬರೆಯುತ್ತೀಯ, ನಿನ್ನ ಹೆಂಡತಿ ಬರೆಯುವುದಿಲ್ಲ. ಅಲ್ಲದೆ ಅವಳು ನಾಲ್ಕನೇ ಕ್ಲಾಸು, ನನಗಿಂತ ಒಂದು ಕ್ಲಾಸು ಜಾಸ್ತಿ. ನಾನು ಮೂರರಲ್ಲೇ ಬಿಟ್ಟವನು. ಮೇಷ್ಟ್ರು ಮಧ್ಯಾಹ್ನ ಊಟಕ್ಕೆ ಬಿಡಲಿಲ್ಲವೆಂದು ಸ್ಲೇಟು ಬೀಸಿ ಒಗೆದು ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಸಿವು ಎಂದರೆ ನನಗೆ ಅಂದಿನಿಂದಲೂ ಆಗದು. ಮುದ್ದೆ ಒಂದು ಗಳಿಗೆ ತಡವಾದರೆ ತಟ್ಟೆ ಅಂಗಳಕ್ಕೆ ಹೋಗುತ್ತದೆ. ಓಬವ್ವ ಇದನ್ನು ಊರೆಲ್ಲ ಹೇಳಿಕೊಂಡು ನಗುತ್ತಾಳೆ, ನಗಲಿ.

ಈ ಮಾತುಗಳನ್ನು ಎದುರಿಗೇ ಆಡಬೇಕಿತ್ತು. ಆಡಲು ಬಿಟ್ಟರೆ ತಾನೆ? ದೇವರ ಪಾನಕದ ಚೊಂಬನ್ನು ಒದ್ದ ಪಾಪಿ ನಾನು ಎಂದು ನಿನ್ನ ಮಾವ ಕಾಟಲಿಂಗಪ್ಪನವರು ನನ್ನನ್ನು ಹಟ್ಟಿಯ ಬೇಲಿ ದಾಟಿಸಿದರು. ತಪ್ಪುಕಾಣಿಕೆ ಇಟ್ಟು ಸ್ವಾಮಿಗೆ ಅಡ್ಡಬೀಳುವ ತನಕ ಒಳಗೆ ಬರಕೂಡದಂತೆ. ಮತ್ತೋಡಿನ ತನಕ ನಡೆದು, ಸಿಕ್ಕಿದ ಲಾರಿ ಹತ್ತಿ ಬಂದೆ. ನಾನು ಒದೆಯಲಿಲ್ಲ, ಕೈಯಲ್ಲಿ ಹೊಡೆದೆ. ಅದನ್ನಾದರೂ ಅವರಿಗೆ ಸರಿಯಾಗಿ ಹೇಳು.

ದಾವಣಗೆರೆಯ ಆಸ್ಪತ್ರೆ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಹೊಟ್ಟೆಹುಣ್ಣಿನ ಆಪರೇಷನ್ನಿನ ಹಿಂದಿನ ದಿನ ನನ್ನ ಕೈ ಹಿಡಿದು, 'ಅಣ್ಣಾ, ಬದುಕಿ ಬಂದ್ರೆ ಗುಡ್ಡದ ರಂಗಪ್ಪಂಗೆ ವರ್ಷಾ ವರ್ಷ ಶ್ರಾವಣ ಶನಿವಾರ ಒಪ್ಪೊತ್ತು ಇರ್ತೀನಿ' ಅಂದೆ. ಇರು ಮಾರಾಯ ಅಂದೆ ನಾನು. ದಿನವೆಲ್ಲ ಉಪವಾಸವಿದ್ದು ಸಂಜೆ ಪೂಜೆಯಾದ ಮೇಲೆ ಒಂದೇ ಹೊತ್ತು ಉಣ್ಣುವುದು ನಮ್ಮವರಲ್ಲಿ ಯಾರು ಮಾಡುವುದಿಲ್ಲ, ನನ್ನೊಬ್ಬನನ್ನು ಬಿಟ್ಟು? ಆದರೆ ಮಾರನೆಯ ದಿನ ಡಾಕ್ಟರು ಹೊರಗೆ ಬಂದು ಏನು ಹೇಳಿದರು? ಹುಣ್ಣು ಬಲಿತಿತ್ತು, ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ತೆಗೆದಿದ್ದೇವೆ, ಉಳಿದದ್ದು ಇಷ್ಟೇ ಎಂದು ತಮ್ಮ ಅಂಗೈ ತೋರಿಸಿದರು. ಇನ್ನು ಮೇಲೆ ಒಂದೇ ಸಲ ತುಂಬಿಸಬೇಡಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ, ಊಟದ ಜೊತೆಗೇ ಚೊಂಬುಗಟ್ಟಲೆ ನೀರು ಬೇಡ, ಬರಿ ಹೊಟ್ಟೆಗೆ ಬೆಲ್ಲ ಸಕ್ಕರೆಯ ನೀರಂತೂ ಬೇಡವೇ ಬೇಡ ಅಂದರು. ನಾನು ಆ ಅಂಗೈಯನ್ನೇ ನೋಡುತ್ತ ನಿಂತಿದ್ದೆ. ಚಿಕ್ಕವನಿದ್ದಾಗ ನೀನು ಅಷ್ಟಗಲದ ರೊಟ್ಟಿಯನ್ನು ಒಂದೇ ತುತ್ತಿಗೆ ನುಂಗುತ್ತಿದ್ದವನು.

ಆಮೇಲೆ ನಾಲ್ಕಾರು ದಿನಕ್ಕೆ ನಿನ್ನನ್ನು ನೋಡಲು ಬಂದ ಯಾರೋ ಪುಣ್ಯಾತ್ಮರು ಸಕ್ಕರೆ ಸುರಿದ ಹಾಲು ಕುಡಿಸಿದರಲ್ಲ, ಆಗ ಏನಾಯಿತು? ಕುಡಿದು ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈಕಾಲು ನಡುಕ, ಎದೆ ಡವಡವ, ಕಣ್ಣು ಮೇಲೆ. ನಾನು ಹುಚ್ಚನ ಹಾಗೆ ಕೂಗಿದೆ. ಡಾಕ್ಟರು ಓಡಿ ಬಂದು ಗಾಬರಿಯಾಗಲಿಲ್ಲ, ನಿನ್ನನ್ನು ಮಲಗಿಸಿದರು ಅಷ್ಟೇ. ಸಿಹಿ ಒಂದೇ ಸಲ ಕರುಳಿಗೆ ಜಾರಿದರೆ ಹೀಗೆ ಆಗುತ್ತದೆ, ಮಲಗಿದರೆ ಇಳಿಯುತ್ತದೆ ಅಂದರು. ಇಳಿಯಿತು. ಪಕ್ಕದ ಮಂಚದ ಕಲಾಯಿ ಸಾಬರಿಗೂ ನಿನ್ನದೇ ಆಪರೇಷನ್. ಅವರ ಮನೆಯವರು ಶರಬತ್ತು ತಂದು ಕುಡಿಸಿದಾಗ ಅವರಿಗೂ ಅದೇ ಬೆವರು, ಅದೇ ನಡುಕ. ಈಗ ನಿನ್ನ ಮಾವನವರನ್ನು ಕೇಳು, ಆ ವಾರ್ಡಿನಲ್ಲಿ ಸಾಬರ ಮೈಮೇಲೆ ಬಂದದ್ದೂ ರಂಗಪ್ಪನೇ?

ಮೊನ್ನೆ ಶನಿವಾರ ನಡೆದದ್ದು ನಿನಗೆ ನೆನಪಿರಲಾರದು. ನಾನು ನೋಡಿದ್ದನ್ನು ಬರೆಯುತ್ತೇನೆ, ಓದಿ ನಾಚಿಕೊ. ಬೆಳಗಿನಿಂದ ನಿನ್ನ ಬಾಯಿಗೆ ಹನಿ ನೀರಿಲ್ಲ. ಕೆಂಚಕ್ಕ ಸೆರಗಿನ ಮರೆಯಲ್ಲಿ ಅಂಬಲಿ ತಂದರೆ ಅವಳಪ್ಪ ಗದರಿಸಿ ಕಳಿಸಿದರು. ನನ್ನ ಹತ್ತಿರ ಬಂದು, 'ಬಾವ, ನನ್ ಮಾತು ಇಲ್ಲಿ ಯಾರು ಕೇಳ್ತಾರೆ, ನೀವಾರ ಹೇಳ್ರಿ' ಅಂತ ಕಣ್ಣೊರೆಸಿಕೊಂಡಳು. ನಾನು ಹೇಳಿದೆ. ಹಬ್ಬದ ದಿನ ಅಪಶಕುನ ಆಡಬ್ಯಾಡ್ರಿ ಬೀಗರೆ ಅಂದರು. ಸಂಜೆ ದೀಪ ಹಚ್ಚಿ ಮಂಗಳಾರತಿಯಾಯಿತು. ಹಸಿದ ಹೊಟ್ಟೆಗೆ ಮೊದಲು ಒಂದು ಚೊಂಬು ಬೆಲ್ಲದ ಪಾನಕ, ಮೇಲೆ ಬಾಳೆಹಣ್ಣಿನ ರಸಾಯನ. ನೀನು ಗಟಗಟ ಕುಡಿದೆ. ಎದ್ದು ನಿಂತೆ. ಬೆವರು ಕಿತ್ತುಕೊಂಡಿತು. ನಡುಗಲು ಶುರುವಾಯಿತು. ನಾನು ಹಿಡಿದುಕೊಳ್ಳಲು ಓಡಿ ಬರುವಷ್ಟರಲ್ಲಿ ನಿನ್ನ ಮಾವನವರು ಎರಡೂ ಕೈ ಎತ್ತಿ, 'ಬಂದ ಕಣ್ರಲೇ ಸ್ವಾಮಿ! ಅಳಿಯನ ಮೈಮ್ಯಾಲೆ ಬಂದ! ಏನ್ ಕೇಳ್ಬೇಕೋ ಕೇಳ್ಕಳ್ರಿ!' ಅಂದುಬಿಟ್ಟರು. ಉರುಮೆ ಬಡಿಯಲು ಶುರುಮಾಡಿದರು. ನಾಲ್ಕು ಜನ ನನ್ನ ರಟ್ಟೆ ಹಿಡಿದು, 'ಉಗ್ರಪ್ಪಣ್ಣ, ದೇವರಿಗೆ ಅಡ್ಡ ಬರಬ್ಯಾಡ' ಅಂದರು.

ನೀನು 'ಮಲಗ್ಬೇಕು, ಮಲಗ್ಬೇಕು' ಎನ್ನುತ್ತಿದ್ದೆ. ನನ್ನ ಕಿವಿಗೆ ಚೆನ್ನಾಗಿ ಕೇಳಿತು, ಅವರ ಕಿವಿಗೂ ಕೇಳಿತು. ಕಾಯಿಲೆಯ ಮನುಷ್ಯ ಮಲಗಬೇಕು ಅಂದರೆ ಚಾಪೆ ಹಾಸುತ್ತಾರೆ. ನಿಮ್ಮ ಹಟ್ಟಿಯಲ್ಲಿ, ಸ್ವಾಮಿಗೆ ಮಂಚದ ಸೇವೆ ಆಗಬೇಕಂತೆ, ಬಡಗಿಯನ್ನು ಕರೆಸಿ ಅಂದರು! ಒಬ್ಬ ತನ್ನ ಟಗರು ಕಳೆದಿದೆ ಎಲ್ಲಿದೆ ಎಂದು ಕೇಳಿದ. ನೀನು ಬೀಳದ ಹಾಗೆ ಕಂಬ ಹುಡುಕುತ್ತ ಕೈ ಚಾಚಿದೆ. ಪಡುವಲಕ್ಕೆ ತೋರಿಸಿದ ಎಂದು ಅವನು ಆ ಕಡೆ ಓಡಿದ. ಆಮೇಲೆ ಯಾರೋ, ಸ್ವಾಮಿ ಬಾಯಾರಿದ್ದಾನೆ ಇನ್ನೊಂದು ಚೊಂಬು ಪಾನಕ ತರ್ರಿ ಅಂದರು. ಆಗ ನನಗೆ ಎಲ್ಲಿಂದ ಬಂತೋ ಬಲ, ನಾಲ್ವರನ್ನೂ ಕೊಡವಿಕೊಂಡು ಬಂದು ಆ ಚೊಂಬಿಗೆ ಹೊಡೆದೆ. ಚೊಂಬು ಹೋಗಿ ಉರುಮೆಯವನ ಮಂಡಿಗೆ ಬಿತ್ತು, ನೀನು ನೆಲಕ್ಕೆ ಬಿದ್ದೆ. ಬಿದ್ದದ್ದೇ ಒಳ್ಳೆಯದಾಯಿತು. ಮಲಗಿದ್ದರಿಂದ ಉಳಿದೆ.

ಇವತ್ತು ಬೆಳಿಗ್ಗೆ ಕುರಿ ಮಾರಲು ಬಂದ ನಿಮ್ಮ ಹಟ್ಟಿಯ ನಿಂಗಪ್ಪ ಸಿಕ್ಕಿದ್ದ. ಟಗರು ಪಡುವಲಕ್ಕೇ ಸಿಕ್ಕಿತಂತೆ. ಅಯ್ಯೋ, ಪಡುವಲಕ್ಕೆ ಹಸಿ ಹುಲ್ಲಿದೆ, ಟಗರು ಮತ್ತೆಲ್ಲಿಗೆ ಹೋಗುತ್ತದೆ? ಅದು ಸಿಕ್ಕಿದ್ದೇ ನೆಪ, ಬರುವ ಶನಿವಾರ ನಿನ್ನನ್ನು ಗುಡಿಯ ಮುಂದೆ ಗದ್ದುಗೆ ಹಾಕಿ ಕೂರಿಸುತ್ತಾರಂತೆ, ಹೊಳಲ್ಕೆರೆ ಕಡೆಯಿಂದ ಕೂಡ ಜನ ಕೇಳಲು ಬರುತ್ತಾರಂತೆ. ಮೈಲಿಗೆಯಾದೀತೆಂದು ಶುಕ್ರವಾರ ಸಂಜೆಯಿಂದಲೇ ಏನೂ ಕೊಡುವುದಿಲ್ಲವಂತೆ. ಮೊನ್ನೆ ಒಂದು ಚೊಂಬಿಗೆ ಬಿದ್ದವನು ಅವತ್ತು ಏನಾಗುತ್ತೀಯ ಎಂದು ಯಾರಾದರೂ ಯೋಚಿಸಿದ್ದಾರೆಯೇ? ನೀನು ಕುರಿ ಕಾದವನಲ್ಲವೇ? ಮೇವಿಲ್ಲದೆ ಬಡವಾದ ಕುರಿಯನ್ನು ಒಂದೇ ಸಲ ಜೋಳದ ರಾಶಿಗೆ ಬಿಡುತ್ತೀಯಾ? ಬಿಟ್ಟರೆ ಹೊಟ್ಟೆಯುಬ್ಬಿ ಸಾಯುತ್ತದೆ ಎಂದು ನನಗೆ ಹೇಳಿಕೊಟ್ಟವನೇ ನೀನು. ಕುರಿಗೆ ಇರುವ ವಿಚಾರ ನಿನ್ನ ಮೈಗೆ ಇಲ್ಲವೇ?

ಕಾಟಲಿಂಗಪ್ಪನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ನಾಲ್ಕು ಬಿಟ್ಟು ನಿನ್ನನ್ನು ಎತ್ತಿಕೊಂಡು ಬರುತ್ತಿದ್ದೆ. ನೀನು ನಡುಗುವಾಗ ಅವರ ಕಣ್ಣಲ್ಲಿ ನೀರಿತ್ತು, ನಿನ್ನ ಕಾಲಿಗೆ ಬಿದ್ದರು. ಅದೇ ನನಗೆ ಹೆದರಿಕೆ. ನಿನಗೂ ಅದು ಹಿಡಿಸಿದೆ ಜುಂಜಾ. ಸುಳ್ಳು ಹೇಳಬೇಡ. ಮನೆಯಳಿಯನಾಗಿ ಹೋದ ದಿನದಿಂದ ಆ ಹಟ್ಟಿಯಲ್ಲಿ ನಿನ್ನನ್ನು ಹೊಟ್ಟೆನೋವಿನ ಜುಂಜ ಎಂದೇ ಕರೆದರು. ಹೊಟ್ಟೆ ಹಿಡಿದುಕೊಂಡು ಕೂತರೆ ಕೆಲಸಗಳ್ಳ ಅಂದರು. ಅದೇ ಜನ ಈಗ ಪಾದ ಮುಟ್ಟುತ್ತಾರೆ. ಎಚ್ಚರವಾದ ಮೇಲೆ ನೀನು ನನ್ನ ಕೈ ಎಳೆದು, 'ಅಣ್ಣಾ, ನಿಜವಾಗ್ಲೂ ಬಂದಿತ್ತಾ?' ಎಂದು ಕೇಳಿದೆಯಲ್ಲ, ಆಗ ನಿನ್ನ ಮುಖ ನೋಡಿದೆ. ಮದುವೆಯ ದಿನವೂ ಅಷ್ಟು ಗೆಲುವಾಗಿರಲಿಲ್ಲ. ನಾನು 'ಬಂದಿದ್ದು ಬೆಲ್ಲ ಕಣಲೇ' ಎಂದು ಬೈದೆ. ನೀನು ಆ ಕಡೆ ತಿರುಗಿದೆ. ಬೈಯಬಾರದಿತ್ತೋ ಏನೋ, ನನಗೆ ಬೇರೆ ಥರ ಮಾತಾಡಲು ಬರುವುದಿಲ್ಲ.

ಒಂದು ತಿಳಿದುಕೊ. ರಂಗಪ್ಪನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನನ್ನು ಆಪರೇಷನ್ ಕೋಣೆಯಿಂದ ಬದುಕಿಸಿ ತಂದವನು ಶ್ರಾವಣದಲ್ಲಿ ಪಾನಕ ಕುಡಿಸಿ ಕೊಲ್ಲುವಷ್ಟು ದಡ್ಡನಲ್ಲ. ಆ ಕಲಾಯಿ ಸಾಬರು ಹೊರಡುವ ದಿನ ಏನು ಹೇಳಿದರು ನೆನೆಸಿಕೊ. 'ಈ ಸಲ ರೋಜಾ ಹಿಡಿಯಾಕಾಗಲ್ಲಣ್ಣ. ನಮ್ಮಾಗೆ ರೋಗಿಗೆ ಮಾಫಿ ಐತೆ. ಬದಲಿಗೆ ಬಡವರಿಗೆ ಉಣ್ಣಾಕಿಕ್ತೀನಿ' ಅಂದರು. ಅವರ ದೇವರು ಅಷ್ಟು ವಿಚಾರವಂತನಾದರೆ ನಮ್ಮವನಿಗೆ ಏನಾಗಿದೆ? ಗುಡಿಗೆ ಹೋಗು, ಕಾಯಿ ಒಡೆಸು, ಭಜನೆ ಮಾಡು, ಬೇಕಾದರೆ ಉರುಳು. ಉರುಳಬೇಡ, ಹೊಲಿಗೆ ಇದೆ. ಆದರೆ ಬೆಳಿಗ್ಗೆ ಎದ್ದು ಒಂದು ಇಡ್ಲಿಯಷ್ಟು ಮುದ್ದೆ, ಆಮೇಲೆ ಸ್ವಲ್ಪ ಮಜ್ಜಿಗೆ, ಆಮೇಲೆ ಸ್ವಲ್ಪ ಅನ್ನ, ಹೀಗೇ ದಿನ ತಳ್ಳು. ಬೆಲ್ಲ ಮುಟ್ಟಬೇಡ. ಮೈ ಬೆವರಿದರೆ ಯಾರು ಏನಂದರೂ ಇದ್ದಲ್ಲೇ ಮಲಗು. ದೇವರಿಗೆ ನಿನ್ನ ಹತ್ತಿರ ಕೆಲಸವಿದ್ದರೆ ಉಂಡವನ ಮೈಮೇಲೂ ಬರುತ್ತಾನೆ, ಹಸಿದವನೇ ಬೇಕು ಎಂದು ಹಟ ಹಿಡಿಯುವುದಿಲ್ಲ.

ಕೆಂಚಕ್ಕನಿಗೆ ನನ್ನ ಆಶೀರ್ವಾದ. ಆ ಹಟ್ಟಿಯಲ್ಲಿ ತಲೆ ನೆಟ್ಟಗಿರುವವಳು ಅವಳೊಬ್ಬಳೇ. ಕಾಟಲಿಂಗಪ್ಪನವರಿಗೆ ನಮಸ್ಕಾರ ತಿಳಿಸು, ಬೇಡವೆಂದರೆ ವಾಪಸು ತಂದುಕೊ. ಓಬವ್ವ ನಿನಗೆ ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಬೆಲ್ಲ ಹಾಕಿಲ್ಲ, ನಾನು ನಿಂತು ನೋಡಿದ್ದೇನೆ. ಆ ಅಂಗೈಯಗಲದ ಹೊಟ್ಟೆ ಹೊತ್ತುಕೊಂಡೇ ನೂರು ವರ್ಷ ಬಾಳು.

ನಿನ್ನ ಅಣ್ಣ,
ಉಗ್ರಪ್ಪ

ಇನ್ನೊಂದು ಮಾತು: ಕಾಗದ ಮುಗಿಸಿ ನಮ್ಮ ಗುಡ್ಡ ಹತ್ತಿ ಬಂದೆ. ಹಟ್ಟಿಯ ಗುಡಿ ಹಾಗಿರಲಿ, ಮೂಲ ರಂಗಪ್ಪನನ್ನೇ ಕೇಳಿಬಿಡೋಣ ಎಂದು ಪೂಜಾರಿ ಬೋರಯ್ಯನ ಕೈಲಿ ಹೂ ಇಡಿಸಿದೆ. ಬಲಕ್ಕೆ ಬಿದ್ದರೆ ಒಪ್ಪಿಗೆ. ನಮ್ಮ ಜುಂಜನ ಹರಕೆ ಬಿಟ್ಟುಬಿಡು ಅಂದೆ, ಹೂ ಅಲ್ಲಾಡಲಿಲ್ಲ. ಬೈದೆ, ಆಗಲೂ ಇಲ್ಲ. ಬೋರಯ್ಯ, 'ಹರಕೆ ಸುಮ್ಕೆ ಹೋಗಾದಿಲ್ಲ ಕಣಪ್ಪ, ಒಡಹುಟ್ಟಿದೋರು ಯಾರಾರ ಹೊತ್ಕಂಡ್ರೆ ಕೇಳಾಣ' ಅಂದ. ನಿನಗಿರುವ ಒಡಹುಟ್ಟಿದವನು ನಾನೊಬ್ಬನೇ. ಹೊತ್ತುಕೊಳ್ಳುತ್ತೇನೆ ಅಂದೆ. ಬಾಯಿ ಮುಚ್ಚುವುದರೊಳಗೆ ಹೂ ಬಲಕ್ಕೆ ಬಿತ್ತು. ನನ್ನನ್ನು ಉಪವಾಸ ಕೆಡವಲು ಕಾದು ಕೂತಿದ್ದನೇನೋ ಅವನು. ಬೋರಯ್ಯ ಸಾಕ್ಷಿ, ಶನಿವಾರ ಅವನೂ ನನ್ನ ಜೊತೆ ಬರುತ್ತಾನೆ, ನಿನ್ನ ಮಾವನವರಿಗೆ ಅವನೇ ಹೇಳುತ್ತಾನೆ. ಇನ್ನು ಶ್ರಾವಣ ಶನಿವಾರದ ಒಪ್ಪೊತ್ತು ನನ್ನದು, ನಾನಿರುವ ತನಕ. ಉಂಡ ಉಗ್ರಪ್ಪನನ್ನೇ ಹಿಡಿಯಲಾರದ ಆ ನಾಲ್ವರು ಹಸಿದ ಉಗ್ರಪ್ಪನನ್ನು ಬೇಲಿಯಲ್ಲಿ ತಡೆಯಲಿ, ನೋಡೋಣ. ಗದ್ದುಗೆ ಹಾಕಿದ್ದರೆ ಹಾಕಿರಲಿ, ಅದರ ಮೇಲೆ ಕೂತೇ ಉಣ್ಣು. ಬೆಳಗಿನಿಂದ ಸಂಜೆಯ ತನಕ ಆರು ಸಲ, ಕೆಂಚಕ್ಕ ಬಡಿಸಲಿ. ನಾನು ಎದುರಿಗೆ ಕೂತು ನೋಡುತ್ತೇನೆ.