ಗೋಕಟ್ಟೆಯ ತಹಶೀಲ್ದಾರ್

ಏಪ್ರಿಲ್ 21, ಸೋಮವಾರ. ಬೆಳಗ್ಗೆ 6.20

ಇವತ್ತೂ ಇಲ್ಲ. ಎರೆಹುಳ ಹಾಕಿದೆ, ಮೂಸಿ ನೋಡಿ ಹೋಯಿತು. ಮಿಡತೆ ಹಾಕಿದೆ, ಮೂಸಿಯೂ ನೋಡಲಿಲ್ಲ. ಒಂದೇ ಸಲ ಉಸಿರಿಗೆ ಮೇಲೆ ಬಂತು — ಗುಳಕ್ ಅಂತ ಸದ್ದು, ಹರಿದ ಬಾಲ, ಅಷ್ಟೇ. ಸದ್ದಾಗಬಾರದು ಅಂತ ಚಪ್ಪಲಿ ಗಾಡಿ ಹತ್ತಿರವೇ ಬಿಟ್ಟು ಬಂದಿದ್ದೆ. ಎರಡೂ ಕಾಲಿಗೆ ಜಾಲಿ ಮುಳ್ಳು. ಆದರೂ ನಾನು ಬಂದಿದ್ದು ಅದಕ್ಕೆ ಗೊತ್ತು.

ಆದಿವಾಲದ ಹತ್ತಿರ ದನಕರು ನೀರು ಕುಡಿಯುವ ಈ ಗೋಕಟ್ಟೆಯ ಕೊರವ ಮೀನಿಗೆ ತಹಶೀಲ್ದಾರ್ ಅಂತ ಹೆಸರಿಟ್ಟಿದ್ದು ಗೆಳೆಯ ಜಹಾಂಗೀರ. ಹೋದಾಗ ಸಿಗುವುದಿಲ್ಲ, ಕಂಡರೂ ಕೆಲಸ ಆಗುವುದಿಲ್ಲ ಅಂತ. ಮೂರು ಬೇಸಿಗೆಯಿಂದ ಇಬ್ಬರೂ ಇದರ ಹಿಂದೆ ಬಿದ್ದಿದ್ದೇವೆ. ಈ ಸಲ ನಾನೊಬ್ಬನೇ. ಪಕ್ಕದಲ್ಲಿ ಮಾತಾಡುವವರಿಲ್ಲ, ಅದಕ್ಕೇ ಈ ಬರವಣಿಗೆ. ಕಾಲೇಜಿನ ಲ್ಯಾಬಿನಲ್ಲಿ ಉಳಿದ ರೆಕಾರ್ಡ್ ಬುಕ್. ಬಲಪುಟಕ್ಕೆ ಗೆರೆ, ಎಡಪುಟ ಚಿತ್ರಕ್ಕೆ. ಮೀನು ಸಿಕ್ಕರೆ ಬಿಡಿಸಿದರಾಯಿತು.

ಏಪ್ರಿಲ್ 23

ಹಿರಿಯೂರಲ್ಲಿ ಜಹಾಂಗೀರನ ಮನೆಗೆ ಹೋಗಿದ್ದೆ. ಹೊಟ್ಟೆ ಆಪರೇಷನ್ ಆಗಿ ಇಪ್ಪತ್ತೆರಡು ದಿನ. ಆಳು ಅರ್ಧ ಆಗಿದ್ದಾನೆ. ಹಾಸಿಗೆ ಅಂಗಡಿಯಲ್ಲಿ ಹತ್ತಿ ಮೂಟೆಯನ್ನು ಒಂದೇ ಕೈಯಲ್ಲಿ ಎಳೆಯುತ್ತಿದ್ದವನು, ಈಗ ನೀರಿನ ಲೋಟಕ್ಕೆ ಎರಡು ಕೈ ಹಾಕುತ್ತಾನೆ. ಗಂಜಿ ಬೇಡ, ಬ್ರೆಡ್ ಬೇಡ, ಏನೂ ಬೇಡ. ಹೀಗೇ ತಿನ್ನದೆ ಇದ್ದರೆ ಗಾಯ ಮಾಯುವುದಿಲ್ಲ, ಮೇ 19ಕ್ಕೆ ತೂಕ ಏರಿರದಿದ್ದರೆ ಮತ್ತೆ ಅಡ್ಮಿಟ್ — ಡಾಕ್ಟರ್ ಹೇಳಿದ್ದಾರೆ.

"ಕೊರವದ ಸಾರು ಕೊಟ್ರೆ ಗಾಯ ಬೇಗ ಮಾಯ್ತೈತೆ ಅಂತಾರೆ ಪರಮೇಶಣ್ಣ," ಅಂದರು ಅವನ ಹೆಂಡತಿ ಪ್ಯಾರಿ ಬೀ. "ಮಾರ್ಕೆಟ್ಟಿಂದ ತರಿಸ್ಲಾ ಅಂದ್ರೆ ಬ್ಯಾಡ ಅಂತಾರೆ."

"ಫೀಡ್ ಹಾಕಿ ಸಾಕಿದ್ ಮೀನು ಯಾವನ್ ತಿಂತಾನೆ?" ಗೋಡೆ ಕಡೆ ಮುಖ ಮಾಡಿಕೊಂಡೇ ಜಹಾಂಗೀರ ಅಂದ. "ತಹಶೀಲ್ದಾರನ್ನ ತಗಂಡ್ ಬಾ. ಮುಳ್ಳೂ ಬಿಡಲ್ಲ."

ತಮಾಷೆಗೇ ಅಂದಿದ್ದು. ಆದರೆ ಯಾರೂ ನಗಲಿಲ್ಲ. ತರ್ತೀನಿ ಅಂದುಬಿಟ್ಟೆ. ಮೆಟ್ಟಿಲು ಇಳಿಯುವಾಗ ಭಯ ಆಯಿತು. ಇಪ್ಪತ್ತು ವರ್ಷದ ಜೊತೆ.

ಏಪ್ರಿಲ್ 26. ಸಂಜೆ 5

ಹೆಂಡತಿ ಸುಮಾ ಕೂಗಾಡಿದಳು. "ನಿಮ್ ಕಾಲೇಜ್‌ನೋರು ರಜಾ ಕೊಟ್ಟಿರದು ಮನೆಗೆ ಸುಣ್ಣ ಹೊಡೀಲಿ ಅಂತ." ಮೀನು ಜಹಾಂಗೀರನಿಗೆ ಅಂತ ಹೇಳಿದ ಮೇಲೆ ಸುಮ್ಮನಾದಳು. ಹಳೇ ಖಾಕಿ ಅಂಗಿ ಹುಡುಕಿ ಕೊಟ್ಟಳು — ಬಿಳಿ ಅಂಗಿ ಮೀನಿಗೆ ದೂರದಿಂದಲೇ ಕಾಣುತ್ತದಂತೆ. ನನಗೇ ಪಾಠ.

ಜೋಳದ ದಂಟು ಕೊಯ್ದು ಗಾಳದ ದಾರ ತೇಲಿಸಲು ಹೊಸ ಬೆಂಡು ಮಾಡಿಕೊಂಡು ಬಂದೆ. ಕೂತು ಅರ್ಧ ಗಂಟೆಗೆ ಜುಂಜಯ್ಯ ಕುರಿಗಳನ್ನು ನೀರಿಗೆ ಇಳಿಸಿದ. ನೂರಿಪ್ಪತ್ತು ಕುರಿ. ಕಟ್ಟೆ ಪೂರ್ತಿ ರಾಡಿ.

"ಮೇಷ್ಟ್ರೇ, ಕುರಿ ತಗಳ್ರಿ. ಕೈಗೆ ಸಿಕ್ತಾವೆ," ಅಂದ.

ಮೇಷ್ಟ್ರಲ್ಲಪ್ಪ, ಅಟೆಂಡರ್ ಅಂತ ಹತ್ತು ಸಲ ಹೇಳಿದ್ದೇನೆ.

ಏಪ್ರಿಲ್ 30

ಇಲ್ಲ.

ಮೇ 2

ಇಲ್ಲ. ಜಹಾಂಗೀರ ಎರಡು ಚಮಚ ಗಂಜಿ ಕುಡಿದನಂತೆ. ವಾಂತಿ.

ಮೇ 3

ನಿನ್ನೆ ಸಂಜೆ ಒಳ್ಳೆ ಮಳೆ. ಕಟ್ಟೆಗೆ ಮೊಣಕಾಲುದ್ದ ಹೊಸ ನೀರು. ಕಪ್ಪೆಗಳ ಗಲಾಟೆ. ತಹಶೀಲ್ದಾರ್ ರಜೆ ಮೇಲೆ ಹೋದ ಹಾಗಿದೆ... ಉಸಿರಿಗೂ ಮೇಲೆ ಬರಲಿಲ್ಲ.

ಮೇ 14. ಬೆಳಗ್ಗೆ 7

ಮೂಡಲ ಮೂಲೆಯಲ್ಲಿ, ಜೊಂಡಿನ ಪಕ್ಕ, ನೀರು ಸಣ್ಣಗೆ ಕುದಿಯುತ್ತಿತ್ತು. ಬಗ್ಗಿ ನೋಡಿದೆ. ಮರಿಗಳು. ಕೆಂಪು ದಾರದ ತುಂಡುಗಳ ಹಾಗೆ, ಸಾವಿರ ಇರಬೇಕು, ಒಟ್ಟಿಗೆ ಮೇಲೆ ಬರುತ್ತವೆ, ಒಟ್ಟಿಗೆ ಇಳಿಯುತ್ತವೆ. ಕೆಳಗೆ ಕಪ್ಪಗೆ ಒಂದು ನೆರಳು ಸುತ್ತುತ್ತಿತ್ತು. ಹರಿದ ಬಾಲ.

ಈಗ ಇದನ್ನು ಹಿಡಿಯುವುದು ಸುಲಭ. ಯಾರು ಬೇಕಾದರೂ ಹಿಡಿಯಬಹುದು. ಗಾಳಕ್ಕೆ ಸಿಕ್ಕಿಸಿದ ಒಂದು ಕಪ್ಪೆಯನ್ನು ಮರಿಗಳ ನಡುವೆ ಬಿಟ್ಟರೆ ಸಾಕು — ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಕಚ್ಚಲೇಬೇಕು. ಹಿಂದೆ ಭರಮಸಾಗರದ ಕೆರೆಯಲ್ಲಿ ನಾವು ಹಾಗೇ ಹಿಡಿದಿದ್ದೆವು. ಕಾಯುವ ಮೀನಿಲ್ಲದೆ ಸಂಜೆಯೊಳಗೆ ಒಂದು ಮರಿಯೂ ಇರಲಿಲ್ಲ. ಉಳಿದ ಮೀನು, ಬಾತು, ಎಲ್ಲಾ ಸೇರಿ ಮುಗಿಸಿದ್ದವು. ಜಹಾಂಗೀರ ಅವತ್ತು ಊಟ ಮಾಡಲಿಲ್ಲ. ಮರಿ ಕೆಂಪಗಿರೋವರೆಗೂ ಗಾಳ ಇಲ್ಲ, ಕಪ್ಪಾದ ಮೇಲೆ ನೋಡಾಣ ಅಂದ. ಅವತ್ತಿಂದ ಇಬ್ಬರೂ ತಪ್ಪಿಲ್ಲ.

ಕಪ್ಪಾಗಲು ಇನ್ನೂ ಎರಡು ಮೂರು ವಾರ. 19ಕ್ಕೆ ಐದೇ ದಿನ.

ಮೇ 15. ಬೆಳಗ್ಗೆ 8

ಕಪ್ಪೆ ಬಿಟ್ಟೆ.

ಬರೆದುಬಿಡುತ್ತೇನೆ, ಯಾರು ಓದುತ್ತಾರೆ. ಮರಿಗಳ ನಡುವೆಯೇ ಬಿಟ್ಟೆ. ಎರಡು ಎಣಿಸುವುದರೊಳಗೆ ಬೆಂಡು ಹೋಯಿತು. ಕಡ್ಡಿ ಬಾಗಿ ಮುರಿಯುವ ಹಾಗಾಯಿತು, ದಾರವನ್ನು ಕೈಗೆ ಸುತ್ತಿಕೊಂಡೆ, ತೋರುಬೆರಳು ಕೊಯ್ದುಕೊಂಡಿತು. ದಡಕ್ಕೆ ಬಂತು. ಎರಡೂವರೆ ಕೇಜಿಗೆ ಕಡಿಮೆ ಇಲ್ಲ. ಮೂರು ಬೇಸಿಗೆ ನನ್ನನ್ನು ಆಟ ಆಡಿಸಿದ ಮೀನು, ಕೆಸರಲ್ಲಿ ಬಿದ್ದು ನನ್ನನ್ನೇ ನೋಡುತ್ತಿತ್ತು.

ಗೆದ್ದೆ ಅನ್ನಿಸಲಿಲ್ಲ. ನಾಚಿಕೆ ಆಯಿತು. ಅಲ್ಲಿ ಆಗಲೇ ಸಣ್ಣ ಮೀನುಗಳು ಮರಿಗಳಿಗೆ ನುಗ್ಗಿದ್ದವು, ಪಟಪಟ ಅಂತ ಸದ್ದು.

ಗಾಳ ಬಿಡಿಸಿದೆ. ತುಟಿಯಲ್ಲಿ ತೂತು, ಸ್ವಲ್ಪ ರಕ್ತ. ನೀರಿಗೆ ಬಿಟ್ಟೆ. ತಿರುಗಿ ನೋಡದೆ ನೇರ ಮರಿಗಳ ಕಡೆ ಹೋಯಿತು.

ಜುಂಜಯ್ಯ ಏರಿ ಮೇಲೆ ನಿಂತಿದ್ದ. "ಯಾಕ್ರಿ ಮೇಷ್ಟ್ರೇ, ಕೈ ಜಾರ್ತಾ?"

ಹೂಂ ಅಂದೆ.

ಅದೇ ದಿನ. ಮಧ್ಯಾಹ್ನ 3

ಸೀದಾ ಮಾರ್ಕೆಟ್ಟಿಗೆ ಹೋದೆ. ತೊಟ್ಟಿಯಲ್ಲಿ ಜೀವ ಇರುವ ಕೊರವ ಇದ್ದವು. ಅಷ್ಟೇ ದೊಡ್ಡದು ಆರಿಸಿಕೊಂಡೆ. ಕತ್ತರಿ ತಗೊಂಡು ಬಾಲದ ತುದಿಯನ್ನು ಹರಿದ ಹಾಗೆ ನಾನೇ ಕತ್ತರಿಸಿದೆ. ಎಲ್ಲಾ ಯೋಚನೆ ಮಾಡಿದ್ದೆ.

"ತಹಶೀಲ್ದಾರ್," ಅಂತ ಬಕೆಟ್ ಎದುರಿಗಿಟ್ಟೆ. ಜಹಾಂಗೀರ ಎದ್ದು ಕೂತ. ಬಾಲ ನೋಡಿದ. ನನ್ನ ಮುಖ ನೋಡಿದ. ಎಲ್ಲಿ ಕೂತಿದ್ದೆ, ಏನು ಹಾಕಿದ್ದೆ, ಎಷ್ಟು ಹೊತ್ತು ಎಳೆಯಿತು — ಎಲ್ಲಾ ಕೇಳಿದ. ಮಿಡತೆ, ಪಡುವಲ ದಡ, ಹತ್ತು ನಿಮಿಷ ಅಂದೆ.

"ಬೆರಳಿಗೇನಾತು?"

"ದಾರ," ಅಂದೆ. ಅದೊಂದು ನಿಜ.

ಪ್ಯಾರಿ ಬೀ ಸಾರು ಮಾಡಿದರು. ತಲೆ ಭಾಗ ಅವನ ತಟ್ಟೆಗೇ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಆಮೇಲೆ ತಿಂದ. ಅನ್ನ ಕೇಳಿದ. ಪ್ಯಾರಿ ಬೀ ಒಳಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡರು. ನನಗೂ ಕಣ್ಣು ತುಂಬಿತು, ಖಾರ ಅಂದೆ.

ಮೇ 16

ಬೆಳಗ್ಗೆ ಮಿಕ್ಕ ಸಾರಿನಲ್ಲಿ ರೊಟ್ಟಿ ಅದ್ದಿ ತಿಂದನಂತೆ. ಪ್ಯಾರಿ ಬೀ ಫೋನು. "ನಿಮ್ ಋಣ ತೀರ್ಸಕಾಗಲ್ಲ ಪರಮೇಶಣ್ಣ."



ಮೇ 19

ಒಂದು ಕೇಜಿ ಇನ್ನೂರು ಗ್ರಾಂ ಏರಿದ್ದಾನೆ. ಅಡ್ಮಿಟ್ ಬೇಡ. ಗಾಯ ಒಣಗುತ್ತಿದೆಯಂತೆ.

ಮೇ 31

ಕಾಲೇಜು ಶುರು. ಟೆಸ್ಟ್‌ಟ್ಯೂಬ್ ತೊಳೆದೆ. ಜಹಾಂಗೀರ ಅಂಗಡಿಗೆ ಇಳಿದು ಕೂರುತ್ತಿದ್ದಾನೆ. ಗೋಕಟ್ಟೆಗೆ ಹೋಗಾಣ ಅಂತ ಹಟ ಹಿಡಿದಿದ್ದಾನೆ. ತಹಶೀಲ್ದಾರ್ ಹೋದಮೇಲೆ ಅಲ್ಲೇನಿದೆ ಅಂದೆ. ನೀರೈತಲ್ಲ ಅಂದ. ಬಿಸಿಲು, ಗಾಡಿ ಸರಿ ಇಲ್ಲ... ಎಷ್ಟು ದಿನ ತಳ್ಳಲಿ.

ಜೂನ್ 8, ಭಾನುವಾರ. ಬೆಳಗ್ಗೆ 7.15

ಗೋಕಟ್ಟೆ. ಹೊಟ್ಟೆಗೆ ದಿಂಬು ಒತ್ತಿಕೊಂಡು ಗಾಡಿ ಹಿಂದೆ ಕೂತು ಬಂದ. ಜಾಲಿ ನೆರಳಿಗೆ ಕೂರಿಸಿದೆ. ಬೇಕಂತಲೇ ಪಡುವಲ ದಡಕ್ಕೆ.

ಐದು ನಿಮಿಷ ಆಗಿಲ್ಲ. ಗುಳಕ್. ನಮ್ಮ ಎದುರಿಗೇ. ಹರಿದ ಬಾಲ ಎತ್ತಿ ಇಳಿಯಿತು. ನಾನು ಎರೆಹುಳದ ಡಬ್ಬಿ ಹುಡುಕತೊಡಗಿದೆ, ಕೈಯಲ್ಲೇ ಇತ್ತು.

"ಯಾರೋ ಅದು?"

"ಯಾವ್ದೋ ಇನ್ನೊಂದು."

"ಬಾಲ ಹರಿದಿರೋ ಇನ್ನೊಂದಾ?"

ಅವನು ನೀರನ್ನೇ ನೋಡುತ್ತಿದ್ದ.

"ಅವತ್ತೇ ಗೊತ್ತಾತು ಕಣಲೇ. ತಲೆ ನಂಗೇ ಹಾಕಿದ್ಳಲ್ಲ, ತುಟಿ ಬಿಡ್ಸಿ ನೋಡ್ದೆ. ಗಾಳದ ತೂತೇ ಇಲ್ಲ. ಬಾಲ ಕತ್ತರ್ಸೋನು ತುಟಿಗೊಂದು ತೂತು ಹಾಕ್ಬಾರ್ದಾ? ಇಪ್ಪತ್ತು ವರ್ಷ ಏನ್ ಕಲ್ತೆ?"

"ಮತ್ತೆ ಯಾಕ್ ತಿಂದೆ?"

ನನ್ನ ಕೈ ಎಳೆದು ತೋರುಬೆರಳ ಗೆರೆ ನೋಡಿದ. ಮಾಯ್ದಿದೆ.

"ಮಾರ್ಕೆಟ್ಟಾಗೆ ಬೆರಳು ಕೊಯ್ಯಲ್ಲ. ಹಿಡ್ದಿದ್ದೆ ನೀನು. ಹಿಡ್ದು ಬಿಟ್ ಬಂದಿದ್ದೆ. ಮರಿ ಇದ್ವಾ?"

"ಇದ್ವು."

"ಕೆಂಪಾ?"

"ಕೆಂಪು. ಗೊತ್ತಿದ್ದೂ ಗಾಳ ಹಾಕ್ದೆ ಜಹಾಂಗೀರ. ನಿಂಗೆ ಅಂತ ಹಾಕ್ದೆ."

"ನಂಗೆ ಅಂತ ಹಾಕ್ದೆ. ನಂಗೆ ಅಂತಾನೇ ಬಿಟ್ಟೆ." ಕೈ ಬಿಡಲಿಲ್ಲ. "ಅದ್ಕೇ ತಿಂದೆ. ಆದ್ರೂ ಫೀಡ್ ವಾಸ್ನೆ ಲೇ, ಥೂ. ಮುಳ್ಳು ಬಿಟ್ಟಿದ್ದೆ, ನೀನು ನೋಡ್ಲಿಲ್ಲ."

ಇಬ್ಬರೂ ನಕ್ಕೆವು. ಅವನು ಹೊಟ್ಟೆ ಹಿಡಿದುಕೊಂಡು, ನೋವಾಗತೈತೆ ನಗಿಸ್ಬ್ಯಾಡ ಅಂತ ಬೈದ.

7.50

ಜೊಂಡಿನ ಹತ್ತಿರ ಹೋಗಿ ನೋಡಿ ಬಂದೆ. ಮರಿಗಳು ಬೆರಳುದ್ದ ಆಗಿವೆ. ಕಪ್ಪು. ಗುಂಪು ಒಡೆದು ಒಂದೊಂದೂ ಒಂದೊಂದು ಕಡೆ. ಹೇಳಿದೆ. ಹಂಗಾದ್ರೆ ಲೆಕ್ಕ ಸರಿ ಹೋತು, ಗಾಳ ಕಟ್ಟು ಅಂದ.

ಎರಡು ಕಡ್ಡಿ, ಎರಡು ಬೆಂಡು. ತಹಶೀಲ್ದಾರ್ ಮತ್ತೆ ಯಾರ ಕೈಗೂ ಸಿಗದ ತಹಶೀಲ್ದಾರ್. ಸಿಗದಿದ್ದರೂ ಇರಲಿ. ಅವನ ಬೆಂಡು ಸುಮ್ಮನಿದೆ. ನನ್ನದು ಒಂದು ಸಲ ಅಲ್ಲಾಡಿತು... ಗಾಳಿ ಇರಬೇಕು. ಮತ್ತೆ. ಗಾಳಿ ಇಲ್ಲ. ಲೇ ಪರಮೇಶ, ಪುಸ್ತಕ ಕೆಳಗಿಡಲೇ ಅಂತಿದ್ದಾನೆ, ಬೆಂಡು ನೀರಿನ ಒಳ—