ಚಿನ್ನದ ಮರ ಕಳಿಸಿದ ರಾಜ

ಸ್ವೋರ್ಡ್ಸ್, ಐರ್ಲೆಂಡ್
14 ಮೇ 2020

ಪ್ರೀತಿಯ ದೊಡ್ಡಣ್ಣನಿಗೆ ಚಿತ್ರಾಳ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಅನಸೂಯಾ ಅತ್ತಿಗೆ ಮಾಸ್ಕ್ ಹಾಕಿಕೊಂಡೇ ಹೊರಗೆ ಹೋಗುತ್ತಾರೆ ತಾನೆ? ನಾವು ಚೆನ್ನಾಗಿದ್ದೇವೆ. ನಾನು ಮಾಡಲು ಬಂದ ವನಜಕ್ಕನ ಬಾಣಂತನ ಮುಗಿದು, ಮಗು ಈಗ ಮಗುಚಿಕೊಳ್ಳುತ್ತದೆ. ಲಾಕ್‌ಡೌನ್ ಆದ್ದರಿಂದ ಮನೆಯಿಂದ ಐದು ಕಿಲೋಮೀಟರ್ ಆಚೆ ಯಾರೂ ಹೋಗುವಂತಿಲ್ಲ. ನೀವು, ವಿಮಾನ ಬಿಟ್ಟ ಕೂಡಲೇ ಬಾ, ಈಶ್ವರಪ್ಪನವರ ಮಗನ ಜೊತೆ ಮದುವೆ ಇಟ್ಟುಕೊಳ್ಳುತ್ತೇವೆ ಎಂದಿರಿ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕ ಇದರ ಫೋಟೊ ತೆಗೆದು ಕಳಿಸುತ್ತಾಳೆ.

ಅಕ್ಕನ ದೊಡ್ಡ ಮಗ ಶ್ರೀವತ್ಸನಿಗೆ ಶಾಲೆ ಈಗ ಮನೆಯಲ್ಲೇ. ಒಬ್ಬ ರಾಜನ ಬಗ್ಗೆ ಪ್ರಾಜೆಕ್ಟ್ ಮಾಡಬೇಕಿತ್ತು. ಕ್ಲಾಸಿನಲ್ಲಿ ಬೇರೆ ಯಾರೂ ತರದ ರಾಜನೇ ಬೇಕೆಂದು ಹಟ ಹಿಡಿದು ಲಾವೋಸ್ ದೇಶದ ಅನುವೊಂಗ್ ಎಂಬವನನ್ನು ಹುಡುಕಿದ. ಅವನು ಓದುವುದು, ಹೇಮಚಂದ್ರ ಭಾವ ಕನ್ನಡದಲ್ಲಿ ಹೇಳುವುದು, ನಾನು ಚಿತ್ರ ಬರೆಯುವುದು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಅರ್ಥವಾಯಿತು. ಇನ್ನೂರು ವರ್ಷದ ಹಿಂದೆ ವಿಯೆಂಟಿಯಾನ್ ಊರಿನ ಸಿಂಹಾಸನ ಇವನದೇ, ಆದರೆ ಇವನ ಮೇಲೆ ಸಯಾಮಿನ ರಾಜ, ಈಗಿನ ಥಾಯ್ಲೆಂಡ್. ಅಧೀನ ಎಂದು ತೋರಿಸಲು ಚಿನ್ನ, ಬೆಳ್ಳಿಯಲ್ಲಿ ಪುಟ್ಟ ಮರ ಮಾಡಿಸಿ ಕಳಿಸಬೇಕು. ಅಲ್ಲಿನ ರಾಜ ತೀರಿಕೊಂಡಾಗ ಉತ್ತರಕ್ರಿಯೆಗೆ ಹೋದವನು, ಹಿಂದೆ ಸೆರೆ ಒಯ್ದ ನಮ್ಮ ಜನರನ್ನು ಬಿಟ್ಟುಕೊಡಿ ಎಂದು ಕೇಳಿದ. ಕೊಡಲಿಲ್ಲ. ಎರಡು ವರ್ಷದೊಳಗೆ ದಂಡೆತ್ತಿ ಹೋಗಿ ಸೋತ. ಊರು ಹಾಳಾಯಿತು, ಅವನು ಬ್ಯಾಂಕಾಕಿನಲ್ಲಿ ಸೆರೆಯಲ್ಲೇ ಸತ್ತ.

ನಾನು ಚಾಕೊಲೇಟ್ ಕಾಗದದಿಂದ ಮರ ಅಂಟಿಸಿ, ರಾಜನನ್ನು ಮದುವೆಮನೆ ಬಾಗಿಲಲ್ಲಿ ನಿಂತವನಂತೆ ನಗುಮುಖ ಮಾಡಿ ಬರೆದಿದ್ದೆ. ಶ್ರೀವತ್ಸ, "ಚಿಕ್ಕಿ, ವೈ ಈಸ್ ಹಿ ಸ್ಮೈಲಿಂಗ್? ಅವನಿಗೆ ಇಷ್ಟಾನೇ ಇಲ್ವಲ್ಲ!" ಎಂದ. ಭಾವ, "ವರ್ಷವರ್ಷ ಮರ ಕಳ್ಸಿದ್ರೆ ಸಯಾಮಿನವ್ರಿಗೆ ಹೆಂಗೋ ಗೊತ್ತಾಗ್ಬೇಕು?" ಎಂದರು. ಅಡುಗೆಮನೆಯಿಂದ ಅಕ್ಕ, "ಇಷ್ಟಾನಾ ಅಂತ ಅವನನ್ನ ಬಾಯ್ಬಿಟ್ಟು ಕೇಳ್ಬೇಕಿತ್ತು ರೀ, ನಿಮ್ ಥರಾನೇ ಅವ್ರೂ" ಎಂದಳು. ನಾನು ನಗು ಅಳಿಸಿದೆ. ಟೀಚರು ಗ್ರ್ಯಾಂಡ್ ಅಂದರಂತೆ, ಇಲ್ಲಿಯವರು ಚೆನ್ನಾಗಿದೆ ಅನ್ನುವುದೇ ಹಾಗೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಕೆಮ್ಮಿಗೆ ಕಷಾಯ ಬಿಡಬೇಡಿ.

ನಿಮ್ಮ ತಂಗಿ,
ಚಿತ್ರಾ

ಮತ್ತೆ: ಅವತ್ತು ವಿಡಿಯೊ ಕಾಲಿನಲ್ಲಿ ಈಶ್ವರಪ್ಪನವರು "ಒಪ್ಗೆ ತಾನೇನಮ್ಮಾ?" ಎಂದಾಗ ನಾನು ತಲೆ ತಗ್ಗಿಸಿದೆ. "ನಾಚ್ಕೊಂಡ್ಳು, ಒಪ್ಕೊಂಡಂಗೇ" ಎಂದು ನೀವೆಲ್ಲ ನಕ್ಕು ತಾಂಬೂಲ ಬದಲಾಯಿಸಿದಿರಿ. ಅದು ಒಪ್ಪಿಗೆಯಲ್ಲ ದೊಡ್ಡಣ್ಣ. ಬೇಡ ಅನ್ನಲು ಧೈರ್ಯ ಬರಲಿಲ್ಲ, ಅಷ್ಟೆ. ವಿಮಾನ ಬಿಟ್ಟರೆ ಖಂಡಿತ ಬರುತ್ತೇನೆ. ಈ ಮದುವೆ ಮಾತ್ರ ನನಗೆ ಬೇಡ. ತಾಂಬೂಲ ವಾಪಸ್ ಕೊಟ್ಟುಬಿಡಿ.