ಅಳಿಯ ಆರಿಸಿದ ಹಗುರ ಟೈರು

ಮನೆಯಿಂದ,
ತಾರೀಖು ಹದಿನಾಲ್ಕು, ಗುರುವಾರ, ಮಧ್ಯಾಹ್ನದ ಇಸ್ತ್ರಿ ಮುಗಿದ ಮೇಲೆ

ಮಗಳೇ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ, "ಆಯ್ತಮ್ಮ, ಆಯ್ತಮ್ಮ" ಎಂದು ನನ್ನ ಬಾಯಿ ಮುಚ್ಚಿಸಿ ತಣ್ಣೀರೇ ಕುಡಿಯುತ್ತಿದ್ದೀಯೋ? ದೊಡ್ಡ ಯಂತ್ರಗಳ ಲಾಂಡ್ರಿಯಲ್ಲಿ ಕೆಲಸ ಕಲಿಯಲು ಹೋದವಳು ಹಬೆಯಲ್ಲಿ ನಿಂತು ಎದೆ ಕೆಡಿಸಿಕೊಂಡು ಬರಬೇಡ. ಇಲ್ಲಿ ನಮ್ಮ ಲಾಂಡ್ರಿಯ ಬಾಯ್ಲರು ಸರಿಯಾಗಿದೆ, ನನ್ನದೂ ನಡೆಯುತ್ತಿದೆ. ಕೆಟ್ಟಿರುವುದು ನಿನ್ನ ಗಂಡನ ತಲೆ ಒಂದೇ.

ನಮ್ಮ ಪುಟ್ಟ ಕಾರಿನ ಟೈರುಗಳು ಬೋಳಾಗಿದ್ದವು. ಹೊಸದು ಹಾಕಿಸು ಎಂದವಳು ನಾನೇ. ಅದರಲ್ಲೇನಿದೆ? ಅಂಗಡಿಗೆ ಹೋಗು, ಹಳೆಯದರ ಅಳತೆ ಹೇಳು, ಹಾಕಿಸಿಕೊಂಡು ಬಾ. ನಮ್ಮ ಅಳಿಯಂದಿರು ಅಷ್ಟು ಸುಲಭವಾಗಿ ಒಂದು ಕೆಲಸ ಮುಗಿಸಿದರೆ ಭೂಮಿ ತಿರುಗುವುದು ನಿಂತೀತು! ವಾರವಿಡೀ ಫೋನಿನಲ್ಲಿ ಟೈರುಗಳ ಬಗ್ಗೆ ಓದಿದರು. ಪರೀಕ್ಷೆಗೆ ಇಷ್ಟು ಓದಿದ್ದರೆ ಇವತ್ತು ನಮ್ಮ ಮನೆಯಲ್ಲಿ ಚಾದರ ಮಡಚುತ್ತಿರಲಿಲ್ಲ. ಆಮೇಲೆ ಊಟಕ್ಕೆ ಕೂತು, "ಅತ್ತೆ, ಸಣ್ಣ ಕಾರಿಗೆ ಹಗುರ ಟೈರೇ ಹಾಕ್ಬೇಕು. ಒಂದೊಂದರಲ್ಲೂ ಎರಡು ಕೆಜಿ ಇಳಿಯುತ್ತೆ" ಎಂದರು. ಇಳಿಸುವುದಾದರೆ ಮೊದಲು ನಿನ್ನ ಹೊಟ್ಟೆ ಇಳಿಸಪ್ಪ, ಅದೂ ಆ ಕಾರಿನಲ್ಲೇ ಕೂರುತ್ತೆ ಎಂದೆ. ನಕ್ಕ. ಬೈದರೂ ನಗುವ ಗಂಡಸನ್ನು ಎಲ್ಲಿಂದ ಹುಡುಕಿ ತಂದೆಯೋ ತಾಯಿ.

ಅವನ ಕಣ್ಣು ಟೈರಿನ ಮೇಲಲ್ಲ, ಕಾರಿನ ಕೀಲಿಯ ಮೇಲೆ ಎಂಬ ಅನುಮಾನ ನನಗೆ ಆಗಲೇ ಬಂದಿತ್ತು. ಈಜುಕೊಳಕ್ಕೆ ಹೋಗಿ ಒಗೆದ ಟವೆಲ್ ಕೊಟ್ಟು ಬಳಸಿದ್ದನ್ನು ತರುವ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ನಾನು ಯಾರ ಕೈಗೂ ಬಿಟ್ಟಿಲ್ಲ. ನಮ್ಮ ಅರ್ಧ ಅನ್ನ ಆ ಕೊಳದ್ದು. ಹೋದ ತಿಂಗಳು ಅವರ ಗೇಟಿನ ಕಂಬಕ್ಕೆ ಕಾರು ಎರಡು ಸಲ ತಾಗಿತು. ತಾಗಿತು ಎಂದರೆ ತಾಗಿತು, ಸುಳ್ಳು ಹೇಳುವ ಹೆಂಗಸಲ್ಲ ನಾನು. ಅಲ್ಲಿನ ಮ್ಯಾನೇಜರು, ಮೊನ್ನೆ ಮೊನ್ನೆ ಮೀಸೆ ಚಿಗುರಿದವನು, "ಇನ್ನೊಂದ್ಸಲ ಹೀಗಾದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ ಅಮ್ಮ" ಎಂದ. ಕಂಬ ನೆಟ್ಟವನಿಗೆ ಕಣ್ಣಿಲ್ಲ, ಮಾತು ಕೇಳುವುದು ನಾನು. ಅಂದಿನಿಂದ ನಿನ್ನ ಗಂಡ ದಿನಾ "ನಾನು ಹೋಗ್ಬರ್ಲಾ ಅತ್ತೆ?" ಎನ್ನುತ್ತಿದ್ದ. ನಾನು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದೆ.

ಭಾನುವಾರ ಮೂರು ಬಗೆಯ ಟೈರುಗಳನ್ನು ಅಂಗಡಿಯಿಂದ ಹೊತ್ತು ತಂದ, ತೂಗಿ ನೋಡಲು. ಎಲ್ಲಿ ತೂಗಿದ ಗೊತ್ತೇ? ಬಿಳಿ ಬಟ್ಟೆ ತೂಗುವ ನಮ್ಮ ಯಂತ್ರದ ಮೇಲೆ! ಮರುದಿನ ಹೋಟೆಲಿನ ಆರು ಚಾದರಗಳಿಗೆ ಮಸಿಯ ಬಳೆ. ಎರಡೆರಡು ಸಲ ಒಗೆದೆ. ಕೊನೆಗೆ ಅವನು ಆರಿಸಿದ್ದು ಎಲ್ಲಕ್ಕಿಂತ ತೆಳ್ಳಗಿನದನ್ನು. ಟೈರಿನ ಪಕ್ಕದಲ್ಲಿ ಒಂದು ಅಂಕೆ ಒತ್ತಿರುತ್ತದೆ, ಅದು ಎಷ್ಟು ಭಾರ ಹೊರಬಲ್ಲದು ಎಂಬ ಗುರುತು. ಅದನ್ನೂ ನೋಡಿದ್ದೇನೆ ಎಂದು ಚೀಟಿ ತೋರಿಸಿದ. ಕಾರಿನ ತೂಕ ಇಷ್ಟು, ಜನರ ತೂಕ ಇಷ್ಟು, ಟವೆಲ್ ನೂರಿಪ್ಪತ್ತಕ್ಕೆ ಐವತ್ತು ಕೆಜಿ. ಮುತ್ತಿನಂಥ ಅಕ್ಷರ, ಮಣ್ಣಿನಂಥ ಬುದ್ಧಿ. ನಾನು ವಾದ ಮಾಡಲಿಲ್ಲ. ಕೊಳದಿಂದ ಬಂದ ಒಂದು ಒದ್ದೆ ಟವೆಲನ್ನು ಅದೇ ಯಂತ್ರದ ಮೇಲೆ ಎಸೆದೆ. ಒಣಗಿದಾಗ ನಾನೂರು ಗ್ರಾಮಿನದು ಈಗ ಒಂದು ಕೆಜಿ ಮುನ್ನೂರು. ಬರುವಾಗ ಐವತ್ತಲ್ಲ, ನೂರೈವತ್ತು ದಾಟುತ್ತದೆ. "ಕೊಳದವರು ಟವೆಲ್ ಒಣಗಿಸಿ ಇಸ್ತ್ರಿ ಮಾಡಿ ಕೊಡ್ತಾರೆ ಅಂದ್ಕೊಂಡ್ಯಾ?" ಎಂದೆ. "ಇಲ್ಲಿಂದ ಹೋಗೋದನ್ನ ಮಾತ್ರ ನೋಡಿದ್ದೆ ಅತ್ತೆ" ಎಂದ. ಆ ಕೆಲಸಕ್ಕೆ ಅವನನ್ನು ನಾನೇ ಎಂದೂ ಕಳಿಸಿಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು ಎಂದು ನೀನು ವಕಾಲತ್ತು ವಹಿಸಿ ಬರೆಯುತ್ತೀ. ಬರೆಯಬೇಡ. ಲಾಂಡ್ರಿ ಮನೆಯ ಅಳಿಯನಿಗೆ ಒದ್ದೆ ಬಟ್ಟೆಯ ಭಾರ ಗೊತ್ತಿಲ್ಲವೆಂದರೆ ಮೀನಿಗೆ ಈಜು ಗೊತ್ತಿಲ್ಲವೆಂದ ಹಾಗೆ.

ಮಂಗಳವಾರ ನಾನೇ ಅಂಗಡಿಗೆ ಹೋದೆ. ಈ ಕಾಗದದಂಥ ಟೈರು ಮಾರಿ ನಮ್ಮನ್ನು ದಾರಿಯಲ್ಲಿ ಮಲಗಿಸಬೇಕೆಂದಿದ್ದೀಯಾ ಎಂದು ಟೈರಿನವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ನಂದೇನಿಲ್ಲಮ್ಮ. ಅವ್ರು ಮೈಲೇಜ್ ಕೇಳ್ಲಿಲ್ಲ, ಸ್ಪೀಡ್ ಕೇಳ್ಲಿಲ್ಲ. ಸ್ಟೀರಿಂಗ್ ಕೈಗೆ ಹಗುರ ಆಗ್ಬೇಕು ಅಂದ್ರು. ಮನೇಲಿ ವಯಸ್ಸಾದವ್ರು ಒಬ್ರು ಓಡಿಸ್ತಾರಂತೆ, ತಿರುಗಿಸೋವಾಗ ತುಟಿ ಕಚ್ಕೋತಾರಂತೆ. ಬೇಡ ಅಂದ್ರೆ ಕೇಳಲ್ವಂತೆ."

ವಯಸ್ಸಾದವರು! ನನ್ನ ತುಟಿ ನೋಡುವುದಕ್ಕೆ ಇವನಿಗೆ ಸಂಬಳವೇ? ಮೂರರಲ್ಲಿ ನಡುವಿನದನ್ನು ಹಾಕಿಸಿದೆ. ಒದ್ದೆ ಭಾರ ಹೊರುತ್ತದೆ, ಹಳೆಯದಕ್ಕಿಂತ ಒಂದು ಕೆಜಿ ಕಡಿಮೆಯೂ ಹೌದು. ಅಳಿಯನಿಗೆ ಹೇಳಿದ್ದು ಹೊರುತ್ತದೆ ಎಂಬುದನ್ನು ಮಾತ್ರ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಂತ್ರ ಕಲಿಸುವ ಆ ಮೇಡಮ್ಮಿಗೆ ನನ್ನ ನಮಸ್ಕಾರ ಹೇಳು, ಕಲಿಸಿದ್ದನ್ನು ಬರೆದಿಟ್ಟುಕೋ. ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ. ಟೈರಿಗೆ ದೋಷ ಹೇಳಲಾರೆ. ನಿನ್ನೆ ಕೊಳದ ಗೇಟಿನಲ್ಲಿ ಸ್ಟೀರಿಂಗು ಸಲೀಸಾಗಿಯೇ ತಿರುಗುತ್ತಿತ್ತು, ನನ್ನ ಬಲಗೈಯೇ ಏಳಲಿಲ್ಲ. ಕಂಬ ಒಂದು ಗೇಣು ದೂರವಿದ್ದಾಗ ಕಾರು ನಿಂತಿತು. ಇವತ್ತು ಬೆಳಿಗ್ಗೆ ಕೀಲಿಯನ್ನು ನಿನ್ನ ಗಂಡನ ತಟ್ಟೆಯ ಪಕ್ಕ ಇಟ್ಟೆ. ಏಕೆಂದು ಅವನು ಕೇಳಲಿಲ್ಲ, ಅಷ್ಟು ಬುದ್ಧಿಯಿದೆ. ಸೋಮವಾರ ಹೆಗಲು ತೋರಿಸಲು ಡಾಕ್ಟರ ಹತ್ತಿರ ಹೋಗಬೇಕು. ರಜೆ ಕೇಳಿಕೊಂಡು ಎರಡು ದಿನ ಬಂದು ಹೋಗು. ಮೂರು ದಿನದಿಂದ ತಲೆ ಬಾಚಿಕೊಂಡಿಲ್ಲ, ಕೈ ಅಷ್ಟು ಮೇಲೆ ಹೋಗುವುದಿಲ್ಲ. ಅದಕ್ಕೂ ಅಳಿಯನನ್ನು ಕರೆಯಲಾಗುತ್ತದೆಯೇ?